ಬಿಟ್ಟ ಮಾತು ಯಾರಿಗೆ ಕೇಳಿಸುತ್ತದೆ?

"40 ಸೆಂಟು ಬಂತು, ಹಾಕ್ಲಾ ಕಾಯ್ಲಾ?"

ಮಾರ್ಚ್ ತಿಂಗಳಲ್ಲಿ ಕೊಡಗಿನ ಯಾವ ಕಾಫಿ ಬೆಳೆಗಾರರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಂದದ್ದು ಹೂಮಳೆ, ಕಾಫಿ ಹೂ ಅರಳಿಸುವ ಮಳೆ. ಸೆಂಟು ಅಂದರೆ ಇಂಚಿನ ನೂರರಲ್ಲೊಂದು ಪಾಲು. ಹಾಕುವುದು ಸ್ಪ್ರಿಂಕ್ಲರ್, ಕಾಯುವುದು ಇನ್ನೊಂದು ಮಳೆಗೆ. ರೊಬಸ್ಟಾ ಹೂ ಸರಿಯಾಗಿ ಅರಳಲು ಒಂದು ಇಂಚಾದರೂ ಬೇಕು. ಅರೆಬರೆ ಮಳೆಯಾದರೆ ಮೊಗ್ಗು ಕೆಡುತ್ತದೆ. ವರ್ಷದ ಫಸಲೇ ನೇತಾಡುವ ಆ ಪ್ರಶ್ನೆಯಲ್ಲಿ ಮಳೆ, ಹೂ, ತೋಟ ಒಂದೂ ಇಲ್ಲ!

ಎಐ ಭಾಷಾ ಮಾದರಿಗಳು ಇಂಥದ್ದನ್ನು ಎಷ್ಟು ಹಿಡಿಯುತ್ತವೆ? ವ್ಯಾಕರಣ ತುಂಬಿಕೊಡುವಷ್ಟನ್ನು ಚೆನ್ನಾಗಿಯೇ ಹಿಡಿಯುತ್ತವೆ, ಒಪ್ಪಲೇಬೇಕು. "ಅಕ್ಕ ವಿರಾಜಪೇಟೆಗೆ, ತಮ್ಮ ಗೋಣಿಕೊಪ್ಪಕ್ಕೆ ಹೋದ" ಅನ್ನುತ್ತೇವೆ. ಅಕ್ಕನ ಪಾಲಿನ "ಹೋದಳು" ಅಲ್ಲೆಲ್ಲೂ ಇಲ್ಲ, ಆದರೂ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಸರ್ವನಾಮ ಯಾರನ್ನು ಸೂಚಿಸುತ್ತದೆ ಎಂದು ಪರೀಕ್ಷಿಸಲು ಕಂಪ್ಯೂಟರ್ ವಿಜ್ಞಾನಿ ಹೆಕ್ಟರ್ ಲೆವೆಸ್ಕ್ ಮತ್ತು ಸಂಗಡಿಗರು 2012ರ ಪ್ರಬಂಧದಲ್ಲಿ ವಿನೋಗ್ರಾಡ್ ಸವಾಲನ್ನು ಮುಂದಿಟ್ಟಿದ್ದರು. 2019ರ ಹೊತ್ತಿಗೆ ಮಾದರಿಗಳು ಅದರಲ್ಲಿ ಶೇ. 90 ದಾಟಿದವು.

ನನ್ನ ತಕರಾರು ಬೇರೆ. ವ್ಯಾಕರಣ ಕೈಬಿಟ್ಟ ಕಡೆ ಊರು ತುಂಬಿಕೊಡುವ ಮಾತಿದೆಯಲ್ಲ, ಅದರದ್ದೇನು? ಕೊಡಗಿನ ಸಿದ್ದಾಪುರದ ಕಡೆ ಬೆಳಗ್ಗೆ ಕೆಲಸಕ್ಕೆ ಹೊರಟವರಿಗೆ "ಆ ಕಡೆ ಹೋಗ್ಬೇಡಿ, ಬಂದಿದೆ" ಅಂದರೆ ಸಾಕು, ಹೆಜ್ಜೆ ಹಿಂದಕ್ಕೆ. ಆನೆಯ ಹೆಸರೇ ಎತ್ತಬೇಕಿಲ್ಲ. ಮಳೆಗೂ ಆನೆಗೂ ಅದೇ ನಪುಂಸಕಲಿಂಗ, ಅದೇ "ಬಂದಿದೆ". ಪ್ರತ್ಯಯ ನೋಡಿ ಪ್ರಯೋಜನವಿಲ್ಲ. ಮಾದರಿ ಕಲಿಯುವುದು ಬರೆದದ್ದರಿಂದ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆದಿಡುತ್ತಾರೆ? ಅದರ ಮೇಲೆ ನಮ್ಮಲ್ಲಿ ಮನೆಮಾತು ಕೊಡವ ತಕ್ಕ್, ಅರೆಭಾಷೆ; ಬಹುಪಾಲು ಬಾಯಲ್ಲೇ ಉಳಿದಿರುವ ಮಾತುಗಳು.

ಗೊತ್ತಿಲ್ಲದಿರುವುದು ತಪ್ಪಲ್ಲ. ಗೊತ್ತಿಲ್ಲದೆಯೂ ಸರಾಗವಾಗಿ ಉತ್ತರ ಕೊಡುವುದು ಅಪಾಯ. 40 ಸೆಂಟನ್ನು ಜಾಗದ ಅಳತೆ ಅಂದುಕೊಂಡು ಸಲಹೆ ಕೊಟ್ಟರೆ ಬೆಳೆಗಾರ ಏನು ಮಾಡಬೇಕು? ತೋಟದ ಲೆಕ್ಕ ಬರೆಯುವ ಹೊಸಬ ರೈಟರ್ ಕೂಡ "ಮಳೆಯಾ, ಜಾಗವಾ?" ಅಂತ ಒಂದು ಮಾತು ಕೇಳುತ್ತಾನೆ. ಯಂತ್ರವೂ ಕೇಳಲಿ. ಅನುಮಾನ ಬಂದಾಗ ತಿರುಗಿ ಕೇಳುವುದನ್ನು ಅದಕ್ಕೆ ಮೊದಲು ಕಲಿಸಿ.

ಇನ್ನೊಂದು. ಇಂಗ್ಲಿಷ್ ಪ್ರಶ್ನೆಗಳನ್ನು ಅನುವಾದಿಸಿ ಕನ್ನಡದ ಪರೀಕ್ಷೆ ಅಂತ ಕೊಡುವುದನ್ನು ನಿಲ್ಲಿಸಬೇಕು. "ಅವನು ತನ್ನ ತೋಟಕ್ಕೆ ಹೋದನು ಮತ್ತು ಅವನು ತನ್ನ ಗಿಡಗಳನ್ನು ನೋಡಿದನು" ಅಂತ ಮಾತಾಡುವವರನ್ನು ನಾನಂತೂ ಕಂಡಿಲ್ಲ. ಬಿಡಬೇಕಾದದ್ದನ್ನೆಲ್ಲ ತುಂಬಿಟ್ಟ ಇಂಥ ವಾಕ್ಯಗಳಲ್ಲಿ ಮಾದರಿ ನೂರಕ್ಕೆ ನೂರು ತೆಗೆದರೂ, ನಾವು ಬಿಟ್ಟದ್ದು ಅದಕ್ಕೆ ಕೇಳಿಸುತ್ತದೋ ಇಲ್ಲವೋ ಅನ್ನುವುದು ಹೇಗೆ ತಿಳಿಯಬೇಕು?