"ಬಿಡಪ್ಪಾ, ಡಬ್ಬಿಂಗಲ್ಲಿ ನೋಡ್ಕೊಳ್ಳೋಣ"

ಶೂಟಿಂಗಲ್ಲಿ ನನಗೆ ಮೈ ಉರಿಸುವ ಮಾತು ಇದೊಂದೇ. ಅಂದರೆ, ಈಗ ಮಾತು ಹಾಳಾದರೂ ಪರವಾಗಿಲ್ಲ, ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಹೇಳಿಸಿ ಕೂರಿಸೋಣ ಅಂತ. ಹತ್ತು ವರ್ಷದಿಂದ ಬೂಮ್ ಹಿಡಿಯುತ್ತಿದ್ದೇನೆ. ಬೂಮ್ ಅಂದರೆ, ಉದ್ದ ಕೋಲಿನ ತುದಿಗೆ ಮೈಕ್ ಸಿಕ್ಕಿಸಿ, ಫ್ರೇಮಿಗೆ ಬೀಳದ ಹಾಗೆ ನಟರ ತಲೆಯ ಮೇಲೆ ಹಿಡಿದು ನಿಲ್ಲುವುದು. ಊರಲ್ಲಿ ಯಾರಾದರೂ ಕೇಳಿದರೆ ಅಮ್ಮ "ಸಿನಿಮಾದಲ್ಲಿ ಕೋಲು ಹಿಡೀತಾನೆ" ಅನ್ನುತ್ತಾಳೆ. ಸುಳ್ಳೇನಲ್ಲ.

ನಾನು ಬಳಸುವುದು ಸೆನ್‌ಹೈಸರ್ 416 ಅನ್ನುವ ಮೈಕ್. ಒಂದು ಗೇಣಿಗಿಂತ ಚೂರು ಉದ್ದ, ತೂಕ ಇನ್ನೂರು ಗ್ರಾಮೂ ಇಲ್ಲ. ಆದರೆ ಅದಕ್ಕೆ ಗಾಳಿ ತಡೆಯುವ ಗೂಡು, ಮೇಲೊಂದು ತುಪ್ಪಳದ ಹೊದಿಕೆ ಹಾಕಿ ಹತ್ತಡಿ ಕೋಲಿನ ತುದಿಯಲ್ಲಿ ನಾಲ್ಕು ನಿಮಿಷ ಎತ್ತಿ ಹಿಡಿದು ನೋಡಿ. ರಟ್ಟೆ ಅದುರುತ್ತೆ. ಹಳ್ಳಿ ಕಡೆ ಮಕ್ಕಳು "ಅಣ್ಣಾ, ಇದು ಯಾವ ಪ್ರಾಣಿ?" ಅಂತ ಕೇಳುತ್ತವೆ.

ಈ ಮೈಕ್ ಮೂತಿ ತಿರುಗಿಸಿದ ಕಡೆಯದನ್ನಷ್ಟೇ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ನಟ ಕತ್ತು ಹೊರಳಿಸಿದ, ನಾನು ಹೊರಳಿಸಲಿಲ್ಲ ಅಂದರೆ ಮಾತು ಸೊರಗಿ ಹೋಗುತ್ತದೆ. ಅದಕ್ಕೇ ಎಲ್ಲರ ಡೈಲಾಗೂ ನನಗೆ ಬಾಯಿಪಾಠ. ದೂರದ್ದು ಇನ್ನೊಂದು ಕಾಟ. ಒಂದೂವರೆ ಅಡಿಯಲ್ಲಿದ್ದ ಮೈಕನ್ನು ಮೂರಡಿಗೆ ಎತ್ತಿದರೆ ಮಾತು 6 ಡೆಸಿಬೆಲ್ ಇಳಿಯುತ್ತದೆ. ಆಚೆಯ ಜನರೇಟರ್ ಗುಂಯ್‌ಗುಡುವುದು ಮಾತ್ರ ಇದ್ದಷ್ಟೇ ಇರುತ್ತದೆ. ಕ್ಯಾಮೆರಾದವರ ಜೊತೆ ಇಂಚಿಂಚಿಗೂ ನಾನು ಜಗಳ ಆಡುವುದು ಇದಕ್ಕೇ.

ಚಿಕ್ಕವನಿದ್ದಾಗ ನೋಡಿದ ಯಕ್ಷಗಾನದಲ್ಲಿ ಮೈಕ್ ನಿಂತಲ್ಲೇ ನಿಂತಿರುತ್ತಿತ್ತು. ವೇಷಧಾರಿ ಕುಣಿದು ಕುಣಿದು ಅದರ ಮುಂದೆ ಬಂದು ಅರ್ಥ ಹೇಳಬೇಕು. ಅಲ್ಲಿ ಅದು ನಡೆಯುತ್ತದೆ, ಆಟದ ಲಯವೇ ಹಾಗಿದೆ. ಸಿನಿಮಾದಲ್ಲಿ ಮೈಕೇ ಎದ್ದು ನಟರ ಹತ್ತಿರ ಹೋಗಬೇಕು. ಹಾಲಿವುಡ್ಡಿನಲ್ಲಿ ಮಾತಿನ ಸಿನಿಮಾ ಶುರುವಾದ ಹೊಸತು, 1929ರಲ್ಲಿ, ಕ್ಲಾರಾ ಬೋ ಎಂಬ ನಟಿಗೆ ಮೈಕ್ ಇದ್ದ ಜಾಗದಲ್ಲೇ ನಿಂತು ಮಾತಾಡುವುದು ಹಿಂಸೆಯಾಗಿತ್ತಂತೆ. ನಿರ್ದೇಶಕಿ ಡೊರೊಥಿ ಆರ್ಜ್‌ನರ್ ಮೀನಿನ ಗಾಳದ ಕೋಲಿಗೆ ಮೈಕ್ ಕಟ್ಟಿಸಿ ಆಕೆಯ ಹಿಂದೆ ಓಡಾಡಿಸಿದರು ಅಂತಾರೆ. ನಮ್ಮ ಕುಲದ ಮೂಲಪುರುಷ ಆ ಗಾಳದ ಕೋಲು!

ನಮ್ಮಲ್ಲಿ ಡಬ್ಬಿಂಗ್ ಬೇರೂರಿದ್ದಕ್ಕೆ ಕಾರಣ ಇತ್ತು, ಇಲ್ಲ ಅನ್ನಲ್ಲ. ಆಗ ಎಲ್ಲ ಕಡೆ ಓಡುತ್ತಿದ್ದ ಆರಿ 2ಸಿ ಕ್ಯಾಮೆರಾ ಹೊಲಿಗೆ ಮಿಷನ್ ಥರ ಸದ್ದು ಮಾಡುತ್ತಿತ್ತು. ಈಗಿನ ಡಿಜಿಟಲ್ ಕ್ಯಾಮೆರಾಕ್ಕೆ ಆ ರೋಗ ಇಲ್ಲ. ರೋಗ ಹೋದರೂ ಔಷಧಿ ಬಿಟ್ಟಿಲ್ಲ ನಾವು. 2001ರಲ್ಲಿ 'ಲಗಾನ್' ಕಚ್ಛ್‌ನ ಬಯಲಲ್ಲಿ ಅಷ್ಟು ಜನರನ್ನಿಟ್ಟುಕೊಂಡು ಸಿಂಕ್ ಸೌಂಡ್, ಅಂದರೆ ಶೂಟಿಂಗಲ್ಲೇ ಮಾತು ಹಿಡಿಯುವುದನ್ನು, ಮಾಡಿತು, ಶಬ್ದಗ್ರಹಣಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನಮ್ಮ 'ತಿಥಿ'ಯನ್ನೇ ನೋಡಿ. ಮಂಡ್ಯದ ಹಳ್ಳಿಯವರ ಆ ಮಾತನ್ನು ಸ್ಟುಡಿಯೋದಲ್ಲಿ ಕೂರಿಸಿ ಮತ್ತೆ ಹೇಳಿಸಿದ್ದರೆ ಹೇಗಿರುತ್ತಿತ್ತು? ಕನ್ನಡ ಬಾರದ ನಾಯಕಿ ಇದ್ದರೆ ಬೇರೆಯವರ ದನಿ ಬೇಕೇ ಬೇಕು, ಒಪ್ಪಿದೆ. ಅಪ್ಪಟ ಕನ್ನಡದವರಿಗೂ ಯಾಕೆ ಅದೇ ಶಿಕ್ಷೆ?

ಮಲೆನಾಡಿನ ಒಂದು ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಶಾಟ್‌ಗೆ ಮುಂಚೆ ಫ್ರಿಜ್ ಆಫ್ ಮಾಡಿ ನನ್ನ ಬೈಕ್ ಕೀ ಅದರೊಳಗೆ ಇಟ್ಟೆ. ಹಾಗಿಟ್ಟರೆ ಸಂಜೆ ಆನ್ ಮಾಡುವುದು ಮರೆಯಲ್ಲ, ಮನೆಯವರ ಹಾಲೂ ಒಡೆಯಲ್ಲ. ಪಕ್ಕದ ಮನೆಯ ಕುಕ್ಕರ್ ಮೂರು ಸೀಟಿ ಮುಗಿಸಲಿ ಅಂತ ಕಾದೆವು. ನಟಿಸುತ್ತಿದ್ದವರು ಎಪ್ಪತ್ತು ದಾಟಿದ ಅಜ್ಜಿ, ಕ್ಯಾಮೆರಾ ಮುಂದೆ ಅದೇ ಮೊದಲು. ಹೊರಟು ನಿಂತ ಮಗನಿಗೆ "ಊಟ ಮಾಡ್ಕೊಂಡಾದ್ರೂ ಹೋಗೋ" ಅನ್ನಬೇಕು. "ಆದ್ರೂ" ಅನ್ನುವಲ್ಲಿ ಅವರ ಗಂಟಲು ಕಟ್ಟಿತು. ಹೆಡ್‌ಫೋನ್ ಹಾಕಿಕೊಂಡಿದ್ದ ನನಗೆ ಮೈ ಜುಂ ಅಂತು. ಅಷ್ಟರಲ್ಲೇ ಯಾರೋ ಹಿತ್ತಲ ಬಾಗಿಲು ತೆಗೆದರು, ಜನರೇಟರ್ ಸದ್ದು ಒಳಗೆ ನುಗ್ಗಿತು. ಒನ್ ಮೋರ್ ಕೇಳಿದೆ. ಬಂದ ಉತ್ತರ ಮೇಲೆ ತಲೆಬರಹದಲ್ಲೇ ಇದೆ.

ಮೂರು ತಿಂಗಳ ಮೇಲೆ ಅಜ್ಜಿಯನ್ನು ಬೆಂಗಳೂರಿನ ಸ್ಟುಡಿಯೋಗೆ ಕರೆಸಿದರು. ಎಸಿ ಚಳಿ, ಕಿವಿಗೆ ಹೆಡ್‌ಫೋನ್, ಎದುರಿನ ಪರದೆಯಲ್ಲಿ ತನ್ನದೇ ತುಟಿ. ಹದಿನೈದು ಟೇಕ್ ಆಯಿತು. ತುಟಿಗೆ ಮಾತು ಕೂತಿತು, ಗಂಟಲು ಮಾತ್ರ ಕಟ್ಟಲಿಲ್ಲ. ಕೊನೆಗೆ ಅಜ್ಜಿ ಹೆಡ್‌ಫೋನ್ ತೆಗೆದು ಕೇಳಿದರು: "ಇಲ್ಲಿ ಮಗನೇ ಇಲ್ವಲ್ಲಪ್ಪಾ, ಯಾರಿಗೆ ಹೇಳ್ಲಿ?"

ಕೊನೆಗೂ ಸಿನಿಮಾದಲ್ಲಿ ಉಳಿದದ್ದು ಹಿತ್ತಲ ಬಾಗಿಲಿನ ಟೇಕೇ. ಆದಷ್ಟು ಸದ್ದು ತೊಳೆದರು, ಉಳಿದದ್ದನ್ನು ಮಳೆ ಸದ್ದು ಹಾಕಿ ಮುಚ್ಚಿದರು. ಹೆಡ್‌ಫೋನ್ ಹಾಕಿಕೊಂಡು ನೋಡಿದರೆ "ಆದ್ರೂ" ಹಿಂದೆ ಜನರೇಟರ್ ಈಗಲೂ ಸಣ್ಣಗೆ ಗೊಣಗುತ್ತಿರುತ್ತದೆ.