ಹೋಗಿದ್ದು ಒಂದು ಹಲ್ಲು, ರೊಕ್ಕ ಮೂರು ಹಲ್ಲಿಂದು

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯೋನು. ತೊಗರಿಯಲ್ಲಿನ ಹರಳು ತೆಗೆಯೋ ಮಷೀನಿನ ಸದ್ದು ದಿನವಿಡೀ ಕಿವಿಯಲ್ಲಿ. ಅಂಥವನಿಗೆ ಮನೆಯ ಬ್ಯಾಳಿಯಲ್ಲೇ ಹರಳು ಸಿಕ್ಕಿತು! ಬಲಗಡೆಯ ದವಡೆ ಹಲ್ಲು ಉದ್ದಕ್ಕೂ ಸೀಳಿ ಹೋಯಿತು, ಕೀಳಿಸಬೇಕಾಯಿತು. ನಗೋರು ನಗಲಿ, ನನ್ನ ಸಿಟ್ಟು ಆ ಹರಳಿನ ಮೇಲಲ್ಲ.

ಹೋದ ಕ್ಲಿನಿಕ್ಕಿನಲ್ಲಿ, 'ಖಾಲಿ ಜಾಗಕ್ಕ ಬ್ರಿಜ್, ಅಂದ್ರ ಕಟ್ಟಿಸಿದ ಹಲ್ಲು ಹಾಕೋಣ್ರಿ, ಆರು ಸಾವಿರ ಆಗ್ತದ' ಅಂದರು. ಆಗಲಿ ಅಂದೆ. ಬಾಯಿಗೆ ಸೂಜಿ ಬಿತ್ತು. ಆಮೇಲೆ ಖಾಲಿ ಜಾಗದ ಆಚೆ ಈಚೆ ಇದ್ದ ಎರಡು ಗಟ್ಟಿ ಹಲ್ಲುಗಳನ್ನು ಸುತ್ತಲೂ ಉಜ್ಜಿ ಸಣ್ಣ ಗೂಟದಂತೆ ಮಾಡಿದರು. ಗುಲಾಬಿ ಬಣ್ಣದ ಮೇಣದಂಥದ್ದನ್ನು ಕಚ್ಚಿಸಿ ಅಚ್ಚು ತೆಗೆದರು. ಇಷ್ಟೆಲ್ಲ ಮುಗಿದು ಕೌಂಟರಿಗೆ ಬಂದರೆ, 18,000 ಅಂತೆ!

'ಹೋಗಿದ್ದು ಒಂದೇ ಹಲ್ಲಲ್ರೀ ಮೇಡಂ?'

'ಆಕಡಿ ಈಕಡಿ ಕ್ಯಾಪ್ ಬರ್ತದ ಸರ್, ನಡುವ ಒಂದು. ಆರು ಸಾವಿರ ಅಂದ್ರ ಒಂದಕ್ಕರಿ.'

ಸೇತುವೆಗೆ ಎರಡೂ ಕಡೆ ಕಂಬ ಬೇಕು, ಒಪ್ಪುತ್ತೇನೆ. ಆದರೆ ಆ 'ಒಂದಕ್ಕೆ' ಅನ್ನೋ ಮಾತನ್ನು ಹಲ್ಲು ಉಜ್ಜೋ ಮುಂಚೆ ಹೇಳೋಕೆ ಏನಾಗಿತ್ತು? ನಮ್ಮ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ದರ ಆದ ಮೇಲೇ ಚೀಲ ತೂಕಕ್ಕೆ ಹೋಗೋದು. ಇಲ್ಲಿ ಉಲ್ಟಾ. ಉಜ್ಜಿದ ಹಲ್ಲು ವಾಪಸ್ ಬೆಳೆಯುತ್ತಾ? ಬೇಡ ಅಂತ ಎದ್ದು ಬರೋಕೂ ಆಗಲ್ಲ.

ಅದೂ ಸಾಲದು. ಉಜ್ಜಿದ ಒಂದು ಹಲ್ಲು ರಾತ್ರಿಯಿಡೀ ಜುಮ್ಮೆಂದು ಸೆಳೆಯಿತು. ಬೆಳಿಗ್ಗೆ ನೋಡಿದವರು 'ನರಕ್ಕೆ ತಾಗೇದ, ರೂಟ್ ಕೆನಾಲ್ ಮಾಡಬೇಕು' ಅಂದರು. 3,500. ಎರಡು ಎಕ್ಸ್‌ರೇಗೆ 600. ಇದರ ನಡುವೆ ಜಿರ್ಕೋನಿಯಾ ಅನ್ನೋ ದುಬಾರಿ ಕ್ಯಾಪ್ ಹಾಕಿಸಿ, ಹಲ್ಲಿಗೆ 12,000 ಅಷ್ಟೇ ಅಂತ ಬೇರೆ ಒತ್ತಾಯ. ಕೈ ಮುಗಿದೆ.

ಮೆಡಿಕ್ಲೇಮ್ ಏಜೆಂಟನಿಗೆ ಫೋನ್ ಮಾಡಿದೆ. ಹಲ್ಲಿಂದು ಬರಲ್ಲ, ಅಪಘಾತ ಆದರೆ ಮಾತ್ರ ಅಂದ. ಹರಳು ಕಡಿದದ್ದು ಅಪಘಾತ ಅಲ್ವಾ ಅಂದೆ. 'ಅಡ್ಮಿಟ್ ಆಗಿದ್ರೇನ್ರಿ?' ಅಂತ ಕೇಳಿದ. ಫೋನ್ ಇಟ್ಟೆ.

ಕೊನೆಗೆ ರಸೀದಿ ಕೇಳಿದೆ. ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ 22,100 ಅಂತ ಗೀಚಿ ಕೊಟ್ಟರು. ಲೆಕ್ಕ ಬರೆಯೋನಿಗೆ!

ಹೊರಡುವಾಗ ಡಾಕ್ಟರು ಕರೆದು ಹೇಳಿದರು: 'ಖಟಕ್ ರೊಟ್ಟಿ, ಹುರಿದ ಶೇಂಗಾ ಆ ಕಡೆ ಕಡೀಬ್ಯಾಡ್ರಿ ಮತ್ತ.' ಮತ್ತೆ ಹಾಕಿಸಿಕೊಂಡಿದ್ದು ಸುಮ್ನೆ ನೋಡೋಕಾ? ಅದು ಕಾಣೋ ಹಲ್ಲೂ ಅಲ್ಲ. ಈಗ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದೇನೆ. ಅದೂ ಎಡಗಡೆಯಿಂದ.