ಎಂಟಕ್ಕೆ ಹೋದರೆ ಕನ್ನಡ ಮಾಧ್ಯಮ ಬಿಡಬೇಕೇ? ಸ್ಪಷ್ಟನೆ

‘ಏಳನೇ ತರಗತಿ ಮುಗಿಸಿದ ಕನ್ನಡ ಮಕ್ಕಳು ಎಂಟರಿಂದ ಮಲಯಾಳಂನಲ್ಲೇ ಕಲಿಯಬೇಕು, ಟಿ.ಸಿ. ತಡವಾದರೆ ಸೀಟಿಲ್ಲ’ ಎಂಬ ಸಂದೇಶ ಕಾಸರಗೋಡಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡು ಮಾತೂ ತಪ್ಪು.

ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲುಗಳಿವೆ, ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಸಿಗುತ್ತದೆ. ಆದರೆ ಎಲ್ಲ ಶಾಲೆಯಲ್ಲೂ ಕನ್ನಡ ವಿಭಾಗವಿಲ್ಲ. ಸೇರಿಸುವ ಮೊದಲೇ ಹೋಗಿ ವಿಚಾರಿಸಿ. ಗೊಂದಲ ಹುಟ್ಟುವುದು ಅರ್ಜಿಯಲ್ಲಿ. ‘ಮಾಧ್ಯಮ’ ಬೇರೆ, ‘ಪ್ರಥಮ ಭಾಷೆ’ ಬೇರೆ. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೂ, ಶಾಲೆಯಲ್ಲಿ ಕನ್ನಡ ಅಧ್ಯಾಪಕರಿದ್ದರೆ, ಪ್ರಥಮ ಭಾಷೆಯಾಗಿ ಕನ್ನಡವನ್ನೇ ಕೇಳಿ ಬರೆಸಿ. ಖಾಲಿ ಬಿಟ್ಟು ಬರಬೇಡಿ.

ಟಿ.ಸಿ. ತಡವಾಯಿತೆಂದು ಸರ್ಕಾರಿ, ಅನುದಾನಿತ ಶಾಲೆಗಳು ಎಂಟನೇ ತರಗತಿವರೆಗೆ ಪ್ರವೇಶ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಹೈಸ್ಕೂಲೂ ಇರುವ ಅದೇ ಶಾಲೆಯಲ್ಲಿ ಮುಂದುವರಿಯುವವರಿಗೆ ಟಿ.ಸಿ. ಪ್ರಶ್ನೆಯೇ ಇಲ್ಲ.

ನಿಜವಾಗಿ ಗಮನಿಸಬೇಕಾದದ್ದು ಹೆಸರು. ಆಧಾರ್‌ನಲ್ಲಿ ಇಂಗ್ಲಿಷ್‌ನಲ್ಲಿ ‘ಗಣೇಶ್’ ಎಂದೂ, ಶಾಲಾ ದಾಖಲೆಯಲ್ಲಿ ಕೊನೆಗೊಂದು ‘ಎ’ ಸೇರಿ ‘ಗಣೇಶ’ ಎಂದೂ ಇರುತ್ತದೆ. ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿಗೆ ಹೋಗುವುದು ಶಾಲಾ ದಾಖಲೆಯ ಹೆಸರು, ಜನ್ಮದಿನಾಂಕ. ಆಮೇಲೆ ತಿದ್ದಿಸಲು ಅಲೆದಾಟ ಬಹಳ. ಜನನ ಪ್ರಮಾಣಪತ್ರ, ಆಧಾರ್ ಎರಡನ್ನೂ ಟಿ.ಸಿ. ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ, ವ್ಯತ್ಯಾಸ ಕಂಡರೆ ಹಳೆಯ ಶಾಲೆ ಬಿಡುವ ಮೊದಲೇ ಹೆಡ್‌ಮಾಸ್ಟರರಿಗೆ ಬರೆದು ಕೊಡಿ.

ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಎಂಟಕ್ಕೂ ಇದೆ. ಒಂಬತ್ತರಿಂದ ಬುತ್ತಿ ಬೇಕು.